ಕೊಡುವ ಕೈ, ಕಾಯುವ ಕೈ: ನಂದಿ–ಸ್ಕಂದಗಿರಿ ಸೀಮೆಯ ದಾನಪರಂಪರೆ

ಚಿಕ್ಕಬಳ್ಳಾಪುರ ಪಟ್ಟಣದ ಸುತ್ತಲಿನ ಬೆಟ್ಟಗಳಲ್ಲಿ ಇಂದು ಹೆಚ್ಚು ಹೆಸರಾಗಿರುವವು ನಂದಿ ಮತ್ತು ಸ್ಕಂದಗಿರಿ. ನಂದಿ ತನ್ನ ತಂಪಿನಿಂದಲೂ ಸ್ಕಂದಗಿರಿ ಬೆಳಗಿನ ಜಾವದ ಚಾರಣದಿಂದಲೂ ಜನರನ್ನು ಸೆಳೆಯುತ್ತವೆ. ಕಳವಾರ ದುರ್ಗವೆಂದೂ ಕರೆಯಲಾಗುವ ಸ್ಕಂದಗಿರಿಯ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯಿದೆ. ಬುಡದಲ್ಲಿ ಪಾಪಾಗ್ನಿ ಮಠವಿದೆ. ಕೋಟೆಯನ್ನು ಆಳಿದವರ ಅಧಿಕಾರ ಅಳಿಯಿತು, ಅದರ ಗೋಡೆಗಳು ಕುಸಿದವು. ಬುಡದ ಮಠಕ್ಕೆ ಮಾತ್ರ ಜನರು ನಡೆದುಕೊಳ್ಳುವುದು ನಿಂತಿಲ್ಲ. ಬಲದಿಂದ ಕಟ್ಟಿದ್ದು ಹಾಳಾಗಿ, ನಂಬಿಕೆಯಿಂದ ನಡೆದುಕೊಂಡದ್ದು ಉಳಿಯಿತು ಎಂದು ಇದರಿಂದ ಸುಲಭವಾಗಿ ತೀರ್ಮಾನಿಸಬಹುದು. ಆದರೆ ಇತಿಹಾಸ ಅಷ್ಟು ಸರಳವಲ್ಲ. ಇದೇ ಸೀಮೆಯಲ್ಲಿ ನಂಬಿಕೆಯಿಂದ ಕೊಟ್ಟ ಎಷ್ಟೋ ದಾನಗಳು ಕೋಟೆಯಂತೆಯೇ ಪಾಳುಬಿದ್ದಿವೆ. ಯಾವ ದಾನ ಉಳಿಯಿತು, ಯಾವುದು ಅಳಿಯಿತು, ಏಕೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸೀಮೆಯ ಪರೋಪಕಾರದ ಇತಿಹಾಸವನ್ನು ನೋಡಿದರೆ, ಇಂದಿನ ಸೇವಾಸಂಸ್ಥೆಗಳೂ ಮನಗಾಣಬೇಕಾದ ಒಂದು ಸತ್ಯ ತಿಳಿಯುತ್ತದೆ.

ಗೋಪಿನಾಥ ಬೆಟ್ಟದ ಶಾಸನ

ನಂದಿ ಗ್ರಾಮದ ಬಳಿಯ ಗೋಪಿನಾಥ ಬೆಟ್ಟದಲ್ಲಿ ಒಂದು ಜೈನ ಶಾಸನವಿದೆ. ಗಂಗರ ಆಳ್ವಿಕೆಯ ಕಾಲದ್ದು, ಸುಮಾರು ಎಂಟನೆಯ ಶತಮಾನದ್ದು ಎಂದು ಇದನ್ನು ವಿದ್ವಾಂಸರು ಗುರುತಿಸಿದ್ದಾರೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇದು ಅಚ್ಚಾಗಿದೆ. ಚಿಕ್ಕಬಳ್ಳಾಪುರ ಅಂದು ಕೋಲಾರ ಜಿಲ್ಲೆಗೆ ಸೇರಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಬೆಟ್ಟದ ಮೇಲಿನ ಅರ್ಹತ್ಪರಮೇಶ್ವರನ ಚೈತ್ಯವನ್ನು ಮೊದಲು ಸ್ಥಾಪಿಸಿದವನು ದಶರಥನ ಮಗನಾದ ರಾಮಸ್ವಾಮಿ. ಬಳಿಕ ಅದನ್ನು ಹೊಸದಾಗಿಸಿದವಳು ಪಾಂಡವರ ತಾಯಿ ಕುಂತಿ ಎಂಬುದು ಶಾಸನ ಹೇಳುವ ಸ್ಥಳಪುರಾಣ. ಬೆಟ್ಟದ ಗುಹೆಗಳು ಋಷಿಗಳ ವಾಸಕ್ಕೆ ತಕ್ಕವು ಎಂಬ ವರ್ಣನೆಯೂ ಅದರಲ್ಲಿದೆ.

ಈ ಪುರಾಣದ ಚಾರಿತ್ರಿಕ ಸತ್ಯವನ್ನು ಇಲ್ಲಿ ಹುಡುಕಬೇಕಾಗಿಲ್ಲ. ಗಮನಿಸಬೇಕಾದದ್ದು ಶಾಸನಕಾರನ ಮನೋಧರ್ಮವನ್ನು. ತೀರ್ಥದ ಹಿರಿಮೆಯನ್ನು ಸಾರುವುದಷ್ಟೇ ಅವನ ಉದ್ದೇಶವಾಗಿದ್ದರೆ ರಾಮನ ಹೆಸರೊಂದೇ ಸಾಕಿತ್ತು. ಆದರೆ ಅವನು ಕಟ್ಟಿದವನ ಪಕ್ಕದಲ್ಲಿಯೇ ಜೀರ್ಣೋದ್ಧಾರ ಮಾಡಿದವಳನ್ನೂ ನಿಲ್ಲಿಸಿದ್ದಾನೆ. ಕಟ್ಟಿದ್ದು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ, ಮತ್ತೊಬ್ಬರು ಬಂದು ಅದನ್ನು ಎತ್ತಿ ನಿಲ್ಲಿಸಬೇಕಾಗುತ್ತದೆ, ಹಾಗೆ ನಿಲ್ಲಿಸಿದವರಿಗೂ ಕಟ್ಟಿದವರಷ್ಟೇ ಗೌರವ ಸಲ್ಲಬೇಕು ಎಂಬ ತಿಳಿವಳಿಕೆ ಆ ಸಾಲುಗಳ ಹಿಂದಿದೆ. ಆ ಗೌರವವು ಒಬ್ಬ ಹೆಣ್ಣಿಗೆ ಸಂದಿರುವುದೂ ಆಕಸ್ಮಿಕವಲ್ಲವೆನಿಸುತ್ತದೆ. ಇದೇ ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಗೆ ಆಧಾರವಾದ, ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ ಕ್ರಿ.ಶ. 806ರ ತಾಮ್ರಪಟವು ಬಾಣ ವಿದ್ಯಾಧರನ ರಾಣಿ ರತ್ನಾವಳಿ ಇಲ್ಲಿ ಶಿವಾಲಯವನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ಹೀಗೆ ಸರಿಸುಮಾರು ಒಂದೇ ಕಾಲದಲ್ಲಿ, ಒಂದೇ ಊರಿನ ಆಸುಪಾಸಿನಲ್ಲಿ, ಎರಡು ಧರ್ಮಗಳ ದಾನದ ನೆನಪು ಇಬ್ಬರು ಸ್ತ್ರೀಯರ ಹೆಸರಿನೊಂದಿಗೆ ಬೆಸೆದುಕೊಂಡಿದೆ.

ರತ್ನಾವಳಿಯ ಶಿವಾಲಯ ಚೋಳರ, ಹೊಯ್ಸಳರ, ವಿಜಯನಗರದವರ ಕಾಲದಲ್ಲಿ ಸೇರಿಸಿದ ಮಂಟಪ, ಪ್ರಾಕಾರ, ಕಲ್ಯಾಣಿಗಳಿಂದ ಬೆಳೆಯುತ್ತ ಬಂದು ಇಂದಿಗೂ ಪೂಜೆಗೊಳ್ಳುತ್ತಿದೆ. ಗೋಪಿನಾಥ ಬೆಟ್ಟದ ಚೈತ್ಯಕ್ಕೆ ಆ ಭಾಗ್ಯ ದೊರೆಯಲಿಲ್ಲ. ಬೆಟ್ಟ ಉಳಿಯಿತು, ಗುಹೆ ಉಳಿಯಿತು, ಬಂಡೆಯ ಮೇಲಿನ ಅಕ್ಷರಗಳು ಉಳಿದವು. ಅದನ್ನು ಕಾಯಬೇಕಾದ ಜನ ಉಳಿಯಲಿಲ್ಲ. ಇಂದು ಆ ಬೆಟ್ಟಕ್ಕೆ ಗೋಪಿನಾಥನ ಹೆಸರಿದೆ. ಇದರಲ್ಲಿ ದೂರುವಂಥದ್ದೇನೂ ಇಲ್ಲ. ಪಾಲಿಸುವ ಸಮುದಾಯ ಇಲ್ಲವಾದಾಗ ಎಂಥ ಪವಿತ್ರ ದಾನವೂ ತನ್ನ ಮೊದಲಿನ ಗುರುತನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ.

ಚತುರ್ದಾನ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರ

ಜೈನಧರ್ಮವು ಶ್ರಾವಕನ ನಿತ್ಯಕರ್ತವ್ಯಗಳಲ್ಲಿ ದಾನವನ್ನು ಸೇರಿಸಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಪ್ರಸಿದ್ಧವಾಗಿವೆ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ದಾನದ ಫಲ ಹೆಚ್ಚುಕಡಿಮೆಯಾಗುವುದಕ್ಕೆ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಎಷ್ಟು ಕೊಟ್ಟರು ಎಂಬ ಪ್ರಮಾಣದ ಮಾತು ಈ ನಾಲ್ಕರಲ್ಲಿ ಬರುವುದಿಲ್ಲ. ಕರ್ನಾಟಕದಲ್ಲಿ ಶಾಸ್ತ್ರದಾನದ ಮಾತು ಬಂದಾಗಲೆಲ್ಲ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಬರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಅವಳು. ಓಲೆಗರಿ ಹುಳುಹಿಡಿದು ಹಾಳಾಗುವ ವಸ್ತು; ಒಂದು ಪ್ರತಿ ನಾಶವಾದರೂ ಮತ್ತೊಂದು ಎಲ್ಲಿಯಾದರೂ ಉಳಿಯಬೇಕು ಎಂಬ ಎಚ್ಚರ ಅವಳ ಔದಾರ್ಯದಲ್ಲಿಯೇ ಅಡಗಿತ್ತು. ಅವಳ ದಾನವು ಒಂದು ಕೃತಿಯ ಪಾಲನೆಯೂ ಆಗಿತ್ತು. ಚಿಂತಾಮಣಿ ಪಟ್ಟಣದ ಹೆಸರು ಬಂದದ್ದು ಮರಾಠಾ ನಾಯಕ ಚಿಂತಾಮಣಿರಾಯನಿಂದಲೇ ಹೊರತು ಅತ್ತಿಮಬ್ಬೆಯ ಬಿರುದಿನಿಂದಲ್ಲ. ಆದರೂ ಆ ಹೆಸರು ಕಿವಿಗೆ ಬಿದ್ದಾಗ ಕನ್ನಡ ಸಾಹಿತ್ಯ ಬಲ್ಲವರಿಗೆ ಅವಳ ನೆನಪಾಗದಿರದು.

ಬಸದಿಗಳಿಗೆ ಭೂಮಿ ಬಿಟ್ಟ ದತ್ತಿಶಾಸನಗಳನ್ನು ಓದಿದವರಿಗೆ ಒಂದು ನುಡಿಗಟ್ಟು ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸುವುದಕ್ಕೆ ಎಂದು ಇದರರ್ಥ. ಅಷ್ಟವಿಧಾರ್ಚನೆಗೆ ಇಷ್ಟು, ಋಷಿಯರ ಆಹಾರದಾನಕ್ಕೆ ಇಷ್ಟು ಎಂದು ಹೇಳುವ ದತ್ತಿಯೇ ದುರಸ್ತಿಗೂ ಒಂದು ಪಾಲನ್ನು ಸೇರಿಸಿರುತ್ತದೆ. ಬಸದಿ ಹೊಸದಾಗಿದ್ದಾಗಲೇ ಅದು ಬಿರುಕುಬಿಡುವ ದಿನವನ್ನು ದಾನಿ ಕಂಡಿರುತ್ತಾನೆ. ಶಾಸನದ ಕೊನೆಗೆ ಬರುವ ಶಾಪಾಶಯಗಳ ತಾತ್ಪರ್ಯವೂ ಇದೇ. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಹೆದರಿಸುವುದರ ಜೊತೆಗೆ, ಕೊಡುವುದು ಮತ್ತು ಕಾಯುವುದು ಎರಡರಲ್ಲಿ ಕಾಯುವುದೇ ಮೇಲು ಎಂಬ ನೀತಿಯನ್ನೂ ಅವು ಸಾರುತ್ತವೆ. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕಿಂತಲೂ ಮೇಲಿನ ಪದವಿ ಎಂಬ ನಂಬಿಕೆ ಜೈನ, ಶೈವ, ವೈಷ್ಣವ ಭೇದವಿಲ್ಲದೆ ಎಲ್ಲ ದತ್ತಿಶಾಸನಗಳಲ್ಲಿಯೂ ಹರಿದುಬಂದಿದೆ.

ಮನೆಗೊಂದು ಹಣ

ಶಾಪದ ಭಯ ಎಲ್ಲ ಕಾಲಕ್ಕೂ ಸಾಲದು. ಅರಸರು ಬದಲಾದಾಗ, ನೆರೆಯವರೊಡನೆ ವೈಮನಸ್ಯ ಬೆಳೆದಾಗ ದಾನವನ್ನು ಕಾಯುವವರು ಯಾರು? ಈ ಪ್ರಶ್ನೆಗೆ ಒಂದು ಅಪೂರ್ವ ಉತ್ತರವನ್ನು 1368ರ ಬುಕ್ಕರಾಯನ ಶಾಸನ ಕೊಡುತ್ತದೆ. ಶ್ರವಣಬೆಳಗೊಳದಲ್ಲಿಯೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿರುವ ಈ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಎಲ್ಲರೂ ಬಲ್ಲರು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನ ಮುಂದೆ ದೂರಿಟ್ಟ ಭವ್ಯಜನರಲ್ಲಿ ಆನೆಗೊಂದಿ, ಹೊಸಪಟ್ಟಣ, ಕಲ್ಲೆಹದವರೊಂದಿಗೆ ಪೆನುಗೊಂಡೆಯವರೂ ಇದ್ದರು. ಪೆನುಗೊಂಡೆ ಇರುವುದು ಗೌರಿಬಿದನೂರಿನ ಉತ್ತರಕ್ಕೆ, ಇಂದಿನ ಆಂಧ್ರದ ಗಡಿಯೊಳಗೆ. ಆದ್ದರಿಂದ ಈ ಶಾಸನ ನಂದಿ ಸೀಮೆಗೆ ದೂರದ ಸಂಗತಿಯೇನಲ್ಲ.

ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಬುಕ್ಕರಾಯ ಒಪ್ಪಿಸಿದ ಪ್ರಸಂಗ ಸುಪರಿಚಿತ. ಅದರ ಮುಂದಿನ ಭಾಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಆ ಹಣದಿಂದ ಬೆಳಗೊಳದ ತೀರ್ಥಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ವ್ಯವಸ್ಥೆಯನ್ನು ನಡೆಸುವ ಹೊಣೆ ವಹಿಸಿದ್ದು ತಿರುಮಲೆಯ ತಾತಯ್ಯನಿಗೆ, ಎಂದರೆ ವೈಷ್ಣವನೊಬ್ಬನಿಗೆ.

ಇದರಲ್ಲಿ ಒಂದು ಸೇವಾಸಂಸ್ಥೆಗೆ ಬೇಕಾದುದೆಲ್ಲವೂ ಅಡಕವಾಗಿದೆ. ನಿಧಿಯ ಮೂಲ ಒಬ್ಬ ಶ್ರೀಮಂತನಲ್ಲ, ಎಲ್ಲ ಮನೆಗಳು. ಬಡವನ ಮನೆಯಾಗಲಿ ಸೆಟ್ಟಿಯ ಮನೆಯಾಗಲಿ ಕೊಡಬೇಕಾದದ್ದು ಒಂದೇ ಹಣ. ಕೊಡುವುದು ಒಂದು ಬಾರಿಯಲ್ಲ, ವರ್ಷವರ್ಷವೂ. ಖರ್ಚಿನ ಬಾಬು ಮೊದಲೇ ನಿರ್ಧಾರವಾಗಿದೆ, ಅದೂ ಹೊಸ ಕಟ್ಟಡಕ್ಕಲ್ಲ, ಕಾವಲಿಗೆ ಮತ್ತು ಸುಣ್ಣಕ್ಕೆ. ಹಣ ಕೊಡುವವರೇ ಅದರ ಆಡಳಿತಗಾರರಾಗದೆ, ಹೊರಗಿನ ಒಬ್ಬ ಗೌರವಾನ್ವಿತನು ಎರಡೂ ಕಡೆಗೆ ಉತ್ತರ ಹೇಳಬೇಕಾದವನಾಗಿದ್ದಾನೆ. ಆರೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಕೊರೆದ ಈ ನಿಬಂಧನೆಗಳು ಇಂದಿನ ಸಂಘಗಳ ಉಪನಿಯಮಗಳಿಗೆ ಮಾದರಿಯಾಗಬಲ್ಲವು.

ಆಹಾರ, ಔಷಧ, ಶಾಸ್ತ್ರ

ವಿಜಯನಗರದ ನಂತರದ ಶತಮಾನಗಳಲ್ಲಿ ಈ ಸೀಮೆ ಆವತಿಯ ಮೂಲದ ಪಾಳೆಯಗಾರರ, ಮರಾಠರ, ಹೈದರ್ ಮತ್ತು ಟಿಪ್ಪುವಿನ, ಬ್ರಿಟಿಷರ ಕೈಗಳಲ್ಲಿ ಹಾದುಹೋಯಿತು. ಆ ಏರಿಳಿತಗಳ ನಡುವೆ ಚತುರ್ದಾನದ ಕಲ್ಪನೆ ಹೆಸರು ಬದಲಿಸಿಕೊಂಡು, ಬೇರೆ ಬೇರೆ ಸಮುದಾಯಗಳ ಕೈಯಲ್ಲಿ ಮುಂದುವರಿಯಿತು.

ಆಹಾರದಾನಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರವೇ ನಿದರ್ಶನ. ಬಳೆ ಮಾರಿ ಜೀವಿಸುತ್ತಿದ್ದ ನಾರಾಯಣಪ್ಪನವರು ಯೋಗಿ ನಾರೇಯಣರಾಗಿ, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ತತ್ತ್ವಪದಗಳನ್ನು ಹಾಡಿ, ಕಾಲಜ್ಞಾನಿಯೆಂದು ಹೆಸರಾದರು. 1726ರಿಂದ 1836ರವರೆಗೆ ಬಾಳಿದರೆಂಬುದು ಅವರ ಪರಂಪರೆಯ ನಂಬಿಕೆ. ಬಳೆಗಾರನ ವೃತ್ತಿಯಲ್ಲಿ ಎಲ್ಲ ಜಾತಿಯ ಮನೆಗಳ ಬಾಗಿಲೂ ತೆರೆಯುತ್ತಿತ್ತು. ಆ ವೃತ್ತಿಯಿಂದ ಬಂದ ಯೋಗಿಯ ಮಠದಲ್ಲಿಯೂ ಊಟದ ಪಂಕ್ತಿಗೆ ಜಾತಿಯ ತಡೆ ಇಲ್ಲದಿರುವುದು ಸಹಜವೇ ಆಗಿದೆ. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಬರುವ ಭಜನಾತಂಡಗಳು ಹಾಡಿ, ಉಂಡು, ಮರಳುತ್ತವೆ. ಇದೇ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್–ಬಾವಾಜಾನ್ ದರ್ಗಾಕ್ಕೆ ಹಿಂದೂ ಮುಸ್ಲಿಮರೆಂಬ ಭೇದವಿಲ್ಲದೆ ಹರಕೆ ಹೊತ್ತವರು ಬರುತ್ತಾರೆ. ರೇಷ್ಮೆಯ ನೂಲಿನಿಂದ ಬದುಕುವ ಶಿಡ್ಲಘಟ್ಟದಲ್ಲಿ ಗೂಡು ಬೆಳೆಯುವವನೂ ನೂಲು ಬಿಚ್ಚುವವನೂ ಬೇರೆ ಬೇರೆ ಧರ್ಮದವರಾಗಿ ದಿನವೂ ಮಾರುಕಟ್ಟೆಯಲ್ಲಿ ಕೂಡುವಂತೆ, ಈ ಸೀಮೆಯ ಅನ್ನದ ಮನೆಗಳಲ್ಲಿಯೂ ಜನ ಕೂಡುತ್ತ ಬಂದಿದ್ದಾರೆ.

ಔಷಧದಾನದ ಕಥೆಯಲ್ಲಿ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಗೆ ಮೊದಲ ಸ್ಥಾನ ಸಲ್ಲುತ್ತದೆ. 1820ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಲಂಡನ್ ಮಿಷನ್ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಇಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿತು. ದಕ್ಷಿಣ ಭಾರತದ ಚರ್ಚುಗಳು 1947ರಲ್ಲಿ ಒಂದಾದ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯೆಂದು ಹೆಸರಾಯಿತು. ಹೆರಿಗೆಯೆಂದರೆ ಸಾವುಬದುಕಿನ ಮಾತಾಗಿದ್ದ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಇಂಥ ಆಸ್ಪತ್ರೆ ಎಷ್ಟು ದೊಡ್ಡ ಆಸರೆಯಾಗಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಿಷನರಿಗಳ ಉದ್ದೇಶದಲ್ಲಿ ಮತಪ್ರಸಾರವೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ರೋಗಿಗೆ ಸಿಕ್ಕ ಮದ್ದು ಆ ಉದ್ದೇಶವನ್ನು ಮೀರಿ ಉಳಿಯಿತು. ಇಲ್ಲಿ ಒಂದು ಸಂಬಂಧವನ್ನು ನೆನೆಯಬೇಕು. ಗೋಪಿನಾಥ ಬೆಟ್ಟದ ಜೈನಶಾಸನವನ್ನು ಲೋಕಕ್ಕೆ ತೋರಿಸಿದ ಬಿ. ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಇದೇ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದರು. ಜೈನರು ಮರೆತಿದ್ದ ತೀರ್ಥದ ನೆನಪನ್ನು ಪಾದ್ರಿಯ ಮಗನೊಬ್ಬ ಕಾದುಕೊಟ್ಟ. ತಾತಯ್ಯನ ಕೆಲಸವನ್ನು ಬೇರೊಂದು ಕಾಲದಲ್ಲಿ ಬೇರೊಬ್ಬರು ಮಾಡಿದ ಹಾಗಾಯಿತು.

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಇಂದು ಸತ್ಯಸಾಯಿಬಾಬಾ ಅವರ ಹೆಸರಿನ ವಿದ್ಯಾಸಂಸ್ಥೆಗಳೂ ಉಚಿತ ಚಿಕಿತ್ಸೆಯ ಆಸ್ಪತ್ರೆಯೂ ಇವೆ. ಶುಲ್ಕವಿಲ್ಲದ ವೈದ್ಯಕೀಯ ಕಾಲೇಜೊಂದು ಅಲ್ಲಿ 2023ರ ಮಾರ್ಚಿನಲ್ಲಿ ಆರಂಭಗೊಂಡಿತು. ಇಲ್ಲಿಯ ಸೇವಾಸಂಸ್ಥೆಯು ರಾಜ್ಯ ಸರ್ಕಾರದೊಡನೆ ಕೂಡಿ ಶಾಲಾಮಕ್ಕಳಿಗೆ ರಾಗಿ ಮಾಲ್ಟ್ ಒದಗಿಸುವ ಕಾರ್ಯಕ್ರಮವನ್ನೂ ಕೈಗೊಂಡಿದೆ. ರಾಗಿಯೇ ಮುಖ್ಯ ಬೆಳೆಯಾದ ಸೀಮೆಯಿಂದ ರಾಗಿಯ ಆಹಾರದಾನ ಹೊರಟಿರುವುದು ಔಚಿತ್ಯಪೂರ್ಣವಾಗಿದೆ.

ಶಾಸ್ತ್ರದಾನದ ಮಾತಿಗೆ ಬಂದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಡುಬಡತನದ ಮನೆಯ ಹುಡುಗ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ. 1917ರಲ್ಲಿ ಸ್ಥಾಪನೆಯಾಗಿದ್ದ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಶಾಲೆ ಅವನಿಗೆ ಆಸರೆ ಕೊಟ್ಟಿತು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರೂ ಅವರು ಬದುಕಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ. ತಮಗೆ ಆಸರೆಯಾದ ಸಂಸ್ಥೆಯ ಕಾಲೇಜುಗಳನ್ನು ಅವರು ಗೌರಿಬಿದನೂರಿಗೂ ಬಾಗೇಪಲ್ಲಿಗೂ ತಂದರು. ಹುಟ್ಟೂರು ಹೊಸೂರಿನ ಮಕ್ಕಳಿಗೆ ಪ್ರೌಢಶಾಲೆ ಒದಗಿಸಿದರು. ಮಠ ಮಂದಿರಗಳ ಪವಾಡಗಳನ್ನು ಕಟುವಾಗಿ ಪ್ರಶ್ನಿಸಿದ ಈ ವಿಚಾರವಾದಿಯನ್ನು ಶಾಸ್ತ್ರದಾನಿಯೆಂದು ಕರೆದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಪರಿಗ್ರಹವನ್ನು ಮಿತಿಗೊಳಿಸಿಕೊಂಡು, ಪಡೆದ ವಿದ್ಯೆಯನ್ನು ಪಡೆದ ಊರಿಗೇ ಹಿಂತಿರುಗಿಸಿದ ಬಾಳಿಗೆ ಅಣುವ್ರತಿಯ ಬಾಳಿನ ಹೋಲಿಕೆಯಿದೆ. 2005ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದದ್ದು ಆಸ್ತಿಯನ್ನಲ್ಲ, ನಡೆಯುತ್ತಿರುವ ಶಾಲೆಗಳನ್ನು.

ಅಭಯದಾನ: ಕೂಲಿಯವರ ಸಂಘ

ನಾಲ್ಕು ದಾನಗಳಲ್ಲಿ ಅಭಯವೇ ಶ್ರೇಷ್ಠವೆಂದು ಹಲವು ಆಚಾರ್ಯರ ಮತ. ಅನ್ನ ಕೊಟ್ಟರೆ ಒಂದು ಹೊತ್ತಿನ ಹಸಿವು ಹೋಗುತ್ತದೆ. ಭಯ ಹೋದರೆ ಮನುಷ್ಯ ತಾನೇ ಅನ್ನ ಗಳಿಸಬಲ್ಲ. ಆದರೆ ಅಭಯವನ್ನು ಹೊರಗಿನವರು ಕೊಡುವುದು ಹೇಗೆ? ಬಾಗೇಪಲ್ಲಿಯ ಕೂಲಿ ಸಂಘದ ಇತಿಹಾಸ ಈ ಪ್ರಶ್ನೆಗೆ ಉತ್ತರದಂತಿದೆ. ಮಳೆ ಕೈಕೊಟ್ಟರೆ ಸಾಲ, ಸಾಲ ತೀರಿಸಲಾರದಿದ್ದರೆ ಜೀತ ಎಂಬ ಸ್ಥಿತಿಯಲ್ಲಿದ್ದ ಭೂಹೀನರನ್ನೂ ತುಂಡುಭೂಮಿಯ ರೈತರನ್ನೂ 1970ರ ದಶಕದ ಕೊನೆಯಿಂದ ಅಡಾಟ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿ ಹಳ್ಳಿಯಲ್ಲಿ ಸಂಘಟಿಸಿತು. ಬಾಗೇಪಲ್ಲಿಯಿಂದ ಆರಂಭವಾದ ಕೆಲಸ ನೆರೆಯ ತಾಲ್ಲೂಕುಗಳಿಗೂ ಹರಡಿತು. ಹಳ್ಳಿಯ ಕೂಲಿಯವರು ಒಟ್ಟಾಗಿ ಕುಳಿತು ತೀರ್ಮಾನಿಸುವುದು, ತಮ್ಮದೇ ಸಾಲನಿಧಿಯಿಂದ ತಾವೇ ಸಾಲ ಪಡೆದು ತೀರಿಸುವುದು ಅದರ ಕ್ರಮ.

ಈ ಸಂಘದ ಸದಸ್ಯರು ತಮ್ಮ ಆದಾಯವನ್ನು ತಾವೇ ಘೋಷಿಸಿಕೊಂಡು ಅದರಲ್ಲೊಂದು ಪಾಲನ್ನು ಸಂಘಕ್ಕೆ ತೆರಿಗೆಯಾಗಿ ಕಟ್ಟುವ ಪದ್ಧತಿಯನ್ನು ಬೆಳೆಸಿಕೊಂಡರು. ಹೊರಗಿನ ನೆರವು ಬಂದಾಗಲೂ ತಮ್ಮ ಪಾಲು ಇರಲೇಬೇಕೆಂಬ ನಿಯಮವಿದು. 1368ರ ಮನೆಗೊಂದು ಹಣದ ಕಟ್ಟಳೆಯನ್ನು ಈ ಕೂಲಿಯವರು ಓದಿರಲಾರರು. ಆದರೂ ಎರಡರ ಹಿಂದಿನ ತಿಳಿವಳಿಕೆ ಒಂದೇ. ಕೈ ಒಡ್ಡಿದವನು ಸಂಸ್ಥೆಯನ್ನು ಪ್ರಶ್ನಿಸಲಾರ; ತನ್ನ ಪಾಲು ಹಾಕಿದವನು ಲೆಕ್ಕ ಕೇಳಬಲ್ಲ. ಪಾತ್ರನಾಗಿದ್ದವನು ದಾತೃವಾದಾಗ ಮಾತ್ರ ಅಭಯ ಪೂರ್ಣವಾಗುತ್ತದೆ. ಇದೇ ಸಂಘದ ಮನೆಗಳಿಗಾಗಿ ರೂಪಿಸಿದ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆಯೊಂದು 2005ರಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಸೌದೆಗಾಗಿ ಕುರುಚಲು ಕಾಡು ಅಲೆಯುತ್ತಿದ್ದ ಹೆಂಗಸರ ಅಡುಗೆಮನೆಗೆ ಒಲೆಯ ಹೊಗೆಯಿಂದ ಬಿಡುಗಡೆ ಸಿಗುವ ದಾರಿ ಅದಾಗಿತ್ತು.

ಕೆರೆ ಎಂಬ ದೊಡ್ಡ ದಾನ

ಇಷ್ಟೆಲ್ಲ ದಾನಗಳ ನಡುವೆ ಈ ಸೀಮೆಯ ಅತಿ ದೊಡ್ಡ ದಾನವೆಂದರೆ ಕೆರೆಗಳೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಈ ಬೆಟ್ಟಗಳ ಮಡಿಲಲ್ಲಿ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲಿಲ್ಲ. ಹಾಗಾಗಿ ಬಿದ್ದ ಮಳೆಯನ್ನು ಹಿಡಿದಿಡುವುದೇ ಬದುಕಿನ ದಾರಿಯಾಯಿತು. ಕೆರೆ ಕಟ್ಟಿಸಿದವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಕಟ್ಟುಕೊಡಗೆ, ಕೆರೆಯ ನಿರ್ವಹಣೆಗೆ ಬಿತ್ತುವಟ್ಟ ಎಂದು ಭೂಮಿ ಬಿಡುವ ಪದ್ಧತಿ ಶಾಸನಗಳಲ್ಲಿ ಹೇರಳವಾಗಿ ಕಾಣುತ್ತದೆ. ಹೂಳು ಸಾಗಿಸುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ ದತ್ತಿ ಬಿಟ್ಟ ಉದಾಹರಣೆಗಳೂ ಕರ್ನಾಟಕದಲ್ಲಿವೆ. ತೂಬೆತ್ತಿ ಸರದಿಯಂತೆ ನೀರು ಬಿಡುವ ನೀರಗಂಟಿಗೆ ಊರಿನವರೆಲ್ಲ ಸುಗ್ಗಿಯಲ್ಲಿ ಕಾಳು ಅಳೆಯುತ್ತಿದ್ದರು. ಬಸದಿಗೆ ಖಂಡಸ್ಫುಟಿತ ಜೀರ್ಣೋದ್ಧಾರವಿದ್ದಂತೆ ಕೆರೆಗೆ ಹೂಳೆತ್ತುವ ಏರ್ಪಾಡು ಇತ್ತು.

ಈ ಏರ್ಪಾಡು ಮುರಿದುಬಿದ್ದದ್ದು ಒಂದೇ ದಿನದಲ್ಲಲ್ಲ. ಕೆರೆ ಸರ್ಕಾರದ್ದಾಯಿತು, ಸರ್ಕಾರದ್ದೆಂದರೆ ಯಾರದ್ದೂ ಅಲ್ಲವೆಂಬ ಭಾವನೆ ಬೆಳೆಯಿತು. ಕೊಳವೆಬಾವಿ ಬಂದಮೇಲೆ ರೈತನಿಗೆ ನೀರಗಂಟಿಯ ಹಂಗು ಬೇಡವಾಯಿತು. ರಾಜಕಾಲುವೆಗಳು ಒತ್ತುವರಿಯಾದವು. ಅಂತರ್ಜಲ ಸಾವಿರ ಅಡಿಗಿಂತಲೂ ಆಳಕ್ಕಿಳಿದು, ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಸೇರಿ, ಹಳ್ಳಿಗಳ ಮಕ್ಕಳ ಹಲ್ಲುಗಳು ಕಂದಿದವು. ಹೊಸ ದಾನ ಮಾಡುವವರು ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ. ಹಳೆಯ ದಾನವನ್ನು ಕಾಯುವವರು ಇಲ್ಲವಾದದ್ದು ಕಾರಣ.

ಇತ್ತೀಚಿನ ವರ್ಷಗಳಲ್ಲಿ ಕೆರೆಗಳಿಗೆ ಮತ್ತೆ ನೀರು ಬಂದಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ 65 ಕೆರೆಗಳಿಗೆ ಹರಿಸುವ ಯೋಜನೆಯದು. ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಆ ನೀರಿನಿಂದ ತುಂಬಿತು. ಒಣಗಿದ್ದ ಕೆರೆಯಲ್ಲಿ ನೀರು ಕಂಡ ಜನಕ್ಕೆ ಹರ್ಷವಾದದ್ದು ಸುಳ್ಳಲ್ಲ. ಸುತ್ತಲಿನ ಬಾವಿಗಳಲ್ಲಿ ನೀರು ಏರಿತೆಂದು ರೈತರು ಹೇಳಿದ್ದಾರೆ. ಆದರೆ ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರು ಅಂತರ್ಜಲವನ್ನು ಸೇರಬಾರದೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಮೊದಲಾದ ಸಂಘಟನೆಗಳು ಪಟ್ಟುಹಿಡಿದಿವೆ. ಕೋಲಾರಕ್ಕೆ ನೀರು ಹರಿಸುವ ಇದೇ ಬಗೆಯ ಯೋಜನೆಯ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಉಮಾಸ್ವಾತಿಗಳ ನಾಲ್ಕು ಮಾನದಂಡಗಳು ಇಲ್ಲಿ ನೆನಪಾಗುತ್ತವೆ. ದಾತೃ ಮಹಾನಗರ, ಪಾತ್ರ ಬಾಯಾರಿದ ಜಿಲ್ಲೆ. ಪಾತ್ರನ ಬಾಯಾರಿಕೆ ಎಷ್ಟೇ ದೊಡ್ಡದಿದ್ದರೂ ಅದು ದ್ರವ್ಯದ ದೋಷವನ್ನು ತೊಳೆಯಲಾರದು. ತಾನು ಕುಡಿಯಲೊಲ್ಲದ್ದನ್ನು ಮತ್ತೊಬ್ಬರ ಅಂಗಳಕ್ಕೆ ಬಿಡುವುದು ವಿಲೇವಾರಿಯಾಗುತ್ತದೆಯೇ ಹೊರತು ದಾನವೆನಿಸುವುದಿಲ್ಲ. ಅದೇ ನೀರನ್ನು ಇನ್ನೂ ಒಂದು ಹಂತ ಶುದ್ಧಗೊಳಿಸಿ, ಅದರ ಪರೀಕ್ಷೆಯ ಫಲಿತಾಂಶವನ್ನು ಊರವರ ಮುಂದೆ ನಿಯತವಾಗಿ ಇಟ್ಟು, ಕೆರೆಯ ಉಸ್ತುವಾರಿಯಲ್ಲಿ ಅವರನ್ನೂ ಸೇರಿಸಿಕೊಂಡರೆ ನಗರವೊಂದು ತನ್ನ ನೆರೆಯ ನಾಡಿಗೆ ಕೊಡಬಹುದಾದ ಬಹುದೊಡ್ಡ ದಾನವಾಗುತ್ತದೆ. ವಿಧಿ ಮತ್ತು ದ್ರವ್ಯಗಳ ವಿವೇಚನೆ ಹಳೆಯ ಗ್ರಂಥದಲ್ಲಿ ಉಳಿಯಬೇಕಾದ ಮಾತಲ್ಲ. ಕಂದವಾರದ ಏರಿಯ ಮೇಲೆ ನಿಂತು ಕೇಳಬೇಕಾದ ಮಾತು.

ಉಪಸಂಹಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಇಂದು ಸಂಘಸಂಸ್ಥೆಗಳಿಗೆ ಕೊರತೆಯಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘವೊಂದು ವರ್ಷವರ್ಷವೂ ಸದಸ್ಯರ ಸಭೆ ನಡೆಸಿ, ಲೆಕ್ಕಪತ್ರಗಳನ್ನು ಒಪ್ಪಿಸಬೇಕು. ಉದ್ಘಾಟನೆಯ ದಿನ ಹಾರತುರಾಯಿಗಳಿಗೆ ನೆರೆಯುವ ಜನ ಲೆಕ್ಕಪತ್ರದ ಸಭೆಗೆ ಬರುವುದಿಲ್ಲವೆಂಬುದು ಎಲ್ಲ ಊರುಗಳ ಅನುಭವ. ಕಟ್ಟಡಕ್ಕೆ ಕೊಟ್ಟವರ ಹೆಸರು ಅಮೃತಶಿಲೆಯ ಮೇಲೇರುತ್ತದೆ. ಹತ್ತು ವರ್ಷಗಳ ಬಳಿಕ ಸೋರುವ ಮಾಳಿಗೆಯನ್ನು ಸರಿಪಡಿಸಿದವನಿಗೆ ಒಂದು ಸಾಲೂ ಸಿಗುವುದಿಲ್ಲ. ಹೀಗಾಗಿ ಹೊಸದನ್ನು ಕಟ್ಟುವವರು ಹೆಚ್ಚುತ್ತಾರೆ, ಇದ್ದದ್ದನ್ನು ಕಾಯುವವರು ಕಡಿಮೆಯಾಗುತ್ತಾರೆ.

ಗೋಪಿನಾಥ ಬೆಟ್ಟದ ಶಾಸನಕಾರ ಈ ತಪ್ಪನ್ನು ಮಾಡಲಿಲ್ಲ. ಅವನು ಕಟ್ಟಿದ ರಾಮನೊಡನೆ ಕಾಪಾಡಿದ ಕುಂತಿಯನ್ನೂ ಬರೆದ. ಬುಕ್ಕರಾಯನ ಶಾಸನವು ಸುಣ್ಣದ ಖರ್ಚನ್ನೂ ಕಾವಲುಗಾರರ ಸಂಖ್ಯೆಯನ್ನೂ ಕಲ್ಲಿನಲ್ಲಿ ಕೊರೆಯುವಷ್ಟು ಮುಖ್ಯವೆಂದು ಎಣಿಸಿತು. ಬಾಗೇಪಲ್ಲಿಯ ಕೂಲಿಯವರು ತಮ್ಮ ಪಾಲನ್ನು ತಾವೇ ಕಟ್ಟಿ ಲೆಕ್ಕ ಕೇಳುವ ಹಕ್ಕನ್ನು ಉಳಿಸಿಕೊಂಡರು. ಈ ಮೂರರಲ್ಲಿಯೂ ಕಾಣುವ ವಿವೇಕ ಒಂದೇ: ಕೊಡುವ ಕೈಯ ಜೊತೆಗೆ ಕಾಯುವ ಕೈಯೂ ಇರಬೇಕು, ಮತ್ತು ಕಾಯುವ ಕೈಗಳು ಹಲವಾಗಿರಬೇಕು. ಇಂದಿನ ಸೇವಾಸಂಸ್ಥೆಗಳು ತಮ್ಮ ವಾರ್ಷಿಕ ಆಯವ್ಯಯದಲ್ಲಿ ಜೀರ್ಣೋದ್ಧಾರಕ್ಕೊಂದು ಬಾಬನ್ನೂ, ತಮ್ಮ ಗೌರವಫಲಕದಲ್ಲಿ ಕಾಪಾಡಿದವರಿಗೊಂದು ಸಾಲನ್ನೂ ಮೀಸಲಿಟ್ಟರೆ, ಹನ್ನೆರಡು ಶತಮಾನಗಳ ಹಿಂದಿನ ಆ ಬೆಟ್ಟದ ಬರಹ ಈ ಊರುಗಳಿಗೆ ವ್ಯರ್ಥವಾಗಲಿಲ್ಲವೆಂದು ಹೇಳಬಹುದು.